ರಿಪಬ್ಲಿಕನ್ ಪಕ್ಷ ತನ್ನ ಅಧ್ಯಕ್ಷರನ್ನು ಯಾಕೆ ತಡೆಯುತ್ತಿಲ್ಲ?

ಪ್ರಶ್ನೆ: “ನಾನು ದಾವಣಗೆರೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮಗಳು, ಅಳಿಯ ಬಹಳ ವರ್ಷಗಳಿಂದ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಕ್ಯಾರಿ ಪಟ್ಟಣದಲ್ಲಿ ನೆಲೆಸಿದ್ದಾರೆ. ಇಬ್ಬರಿಗೂ ಅಲ್ಲಿನ ಪೌರತ್ವ ಸಿಕ್ಕಿದೆ. ಅಳಿಯ ಮೊದಲಿನಿಂದ ರಿಪಬ್ಲಿಕನ್ ಪಕ್ಷಕ್ಕೇ ಮತ ಹಾಕಿಕೊಂಡು ಬಂದವರು. ಸರ್ಕಾರ ದುಂದು ಮಾಡಬಾರದು, ಕಾನೂನು ಎಲ್ಲರಿಗೂ ಒಂದೇ ಆಗಿರಬೇಕು ಎನ್ನುವುದು ಅವರ ನಿಲುವು. ಈಗ ಫೋನ್ ಮಾಡಿದಾಗಲೆಲ್ಲ ‘ನಾನು ನಂಬಿದ್ದ ಪಕ್ಷ ಈಗ ಇಲ್ಲ ಮಾವ, ಟ್ರಂಪ್ ಏನು ಹೇಳಿದರೂ ತಲೆ ಆಡಿಸುತ್ತಾರೆ’ ಎಂದು ಬೇಸರಪಡುತ್ತಾರೆ. ನಾನು ಹುಡುಗನಾಗಿದ್ದಾಗ ನಿಕ್ಸನ್ ರಾಜೀನಾಮೆ ಕೊಟ್ಟದ್ದು ನೆನಪಿದೆ. ಅವರ ಪಕ್ಷದವರೇ ಹೋಗಿ ಅಧಿಕಾರ ಬಿಡಿ ಎಂದಿದ್ದರಂತೆ. ಇವತ್ತು ಅಂಥವರು ಒಬ್ಬರೂ ಇಲ್ಲವೇ? ಎಲ್ಲರೂ ದುಡ್ಡಿಗೆ ಮಾರಿಕೊಂಡವರೇ? ನನ್ನ ವಾಕಿಂಗ್ ಗೆಳೆಯರು ‘ಅದು ಪಕ್ಷದ ಶಿಸ್ತು, ಗಟ್ಟಿ ನಾಯಕ ಎಂದರೆ ಹಾಗೇ ಇರಬೇಕು, ಅಲ್ಲಿನ ಪತ್ರಿಕೆಗಳೆಲ್ಲ ಎಡಕ್ಕೆ ವಾಲಿದವು, ಸುಮ್ಮನೆ ಹುಯಿಲೆಬ್ಬಿಸುತ್ತವೆ’ ಎನ್ನುತ್ತಾರೆ. ನಿಜ ಯಾವುದು? ಅಳಿಯನ ತಮ್ಮ ಎಚ್-1ಬಿ ವೀಸಾದ ಮೇಲೆ ಷಾರ್ಲಟ್‌ನಲ್ಲಿದ್ದಾನೆ. ಇವರೆಲ್ಲ ಮಾತಾಡಬೇಕೇ, ಸುಮ್ಮನಿರಬೇಕೇ?”

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ. ಅಧ್ಯಕ್ಷರಿಗೆ ಲಗಾಮು ಹಾಕಬೇಕಾದ ಪಕ್ಷ ಯಾಕೆ ಸುಮ್ಮನಿದೆ ಎನ್ನುವುದು ಒಂದು. ಆ ಮೌನ ಶಿಸ್ತೋ, ಹೇಡಿತನವೋ ಎನ್ನುವುದು ಇನ್ನೊಂದು. ಮನೆಯವರು ಏನು ಮಾಡಬೇಕು ಎನ್ನುವುದು ಮೂರನೆಯದು, ನಿಮ್ಮನ್ನು ನಿಜವಾಗಿ ಕಾಡುತ್ತಿರುವುದೂ ಅದೇ ಇರಬೇಕು. ಅಮೆರಿಕದ ಸಂಸತ್ತಿನ ಕಲಾಪ, ಮತದಾನದ ದಾಖಲೆಗಳನ್ನು ಓದುವುದು, ಓದಿಸುವುದು ನನ್ನ ವೃತ್ತಿ. ನನ್ನ ಒಲವು ಉದಾರವಾದಿಗಳ ಕಡೆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದ್ದರಿಂದಲೇ ಡೆಮಾಕ್ರಟರು ಮಾಡುವ ಆರೋಪಗಳನ್ನು ಬದಿಗಿಟ್ಟು, ರಿಪಬ್ಲಿಕನ್ ನಾಯಕರು ತಾವೇ ಆಡಿದ ಮಾತು, ತಾವೇ ಹಾಕಿದ ಮತಗಳ ಮೇಲೆಯೇ ಇಲ್ಲಿ ಹೆಚ್ಚಾಗಿ ನಿಂತಿದ್ದೇನೆ.

ಮೊದಲು ನಿಕ್ಸನ್ ವಿಷಯ. 1974ರ ಆಗಸ್ಟ್ 7ರಂದು ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್, ಸೆನೆಟ್‌ನ ರಿಪಬ್ಲಿಕನ್ ನಾಯಕ ಹ್ಯೂ ಸ್ಕಾಟ್, ಪ್ರತಿನಿಧಿ ಸಭೆಯ ನಾಯಕ ಜಾನ್ ರೋಡ್ಸ್ ಶ್ವೇತಭವನಕ್ಕೆ ಹೋದದ್ದು ನಿಜ. ಆದರೆ ಅವರು ರಾಜೀನಾಮೆ ಕೇಳಲಿಲ್ಲ. ಲೆಕ್ಕ ಹೇಳಿದರು. ವಾಗ್ದಂಡನೆಯಿಂದ, ಅಂದರೆ ಅಧ್ಯಕ್ಷರನ್ನು ಪದಚ್ಯುತಗೊಳಿಸುವ ಕ್ರಮದಿಂದ, ಪಾರಾಗಲು ಸೆನೆಟ್‌ನಲ್ಲಿ 34 ಮತ ಬೇಕಿತ್ತು, ನಿಕ್ಸನ್ ಕೈಯಲ್ಲಿ ಅದರ ಅರ್ಧದ ಆಸುಪಾಸಿನಷ್ಟೇ ಉಳಿದಿತ್ತು. ಮರುದಿನ ರಾತ್ರಿ ಅವರು ರಾಜೀನಾಮೆ ಘೋಷಿಸಿದರು. ಅದಕ್ಕೆ ಕೆಲವೇ ದಿನ ಮೊದಲು, ಜುಲೈನಲ್ಲಿ, ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿ ವಾಗ್ದಂಡನೆಯ ಮೊದಲ ಆರೋಪವನ್ನು 27-11ರಿಂದ ಅಂಗೀಕರಿಸಿದಾಗ ಸಮಿತಿಯ 17 ರಿಪಬ್ಲಿಕನ್ನರಲ್ಲಿ ಪರವಾಗಿ ಕೈ ಎತ್ತಿದವರು ಆರೇ ಮಂದಿ. ಉಳಿದವರು ಮನಸ್ಸು ಬದಲಾಯಿಸಿದ್ದು ಆಗಸ್ಟ್ 5ರಂದು ಧ್ವನಿಮುದ್ರಿಕೆ ಹೊರಬಿದ್ದು, ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ವಾಟರ್‌ಗೇಟ್ ಪ್ರಕರಣದ ತನಿಖೆ ನಿಲ್ಲಿಸಲು ಅಧ್ಯಕ್ಷರೇ ಸೂಚಿಸಿದ್ದು ಕಿವಿಗೆ ಬಿದ್ದ ಮೇಲೆ. ಅಂದರೆ ಆಗಿನವರು ಸಂತರು, ಈಗಿನವರು ದುಷ್ಟರು ಎನ್ನುವಷ್ಟು ಸರಳವಾಗಿಲ್ಲ ವಿಷಯ. ಅವರೂ ಮತದ ಲೆಕ್ಕ ನೋಡುವ ರಾಜಕಾರಣಿಗಳೇ. ಆದರೆ ಸಾಕ್ಷಿ ಎದುರಿಗೆ ಬಂದಾಗ ಅವರ ಲೆಕ್ಕ ಬದಲಾಗುತ್ತಿತ್ತು. ಇವತ್ತು ಸಾಕ್ಷಿ ಎಷ್ಟೇ ದೊಡ್ಡದಿದ್ದರೂ ಲೆಕ್ಕ ಬದಲಾಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಅಮೆರಿಕದ ಸಂಪ್ರದಾಯವಾದಿ ರಾಜಕಾರಣದ ದೊಡ್ಡ ಸೋಲು ಅದು.

ಯಾಕೆ ಹೀಗಾಯಿತು ಎಂದು ತಿಳಿಯಲು ಟಿಕೆಟ್ ಕೊಡುವವರು ಯಾರು ಎಂದು ನೋಡಬೇಕು. ನಮ್ಮಲ್ಲಿ ಬಿ ಫಾರಂ ಹೈಕಮಾಂಡ್ ಕೈಯಲ್ಲಿರುತ್ತದೆ. ಗೆದ್ದ ಮೇಲೂ ವಿಪ್ ಉಲ್ಲಂಘಿಸಿದರೆ 1985ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವವೇ ಹೋಗಬಹುದು. ಅಮೆರಿಕದಲ್ಲಿ ಇವೆರಡೂ ಇಲ್ಲ. ಪಕ್ಷದ ಅಧ್ಯಕ್ಷರು ಯಾರ ಟಿಕೆಟನ್ನೂ ತಪ್ಪಿಸಲಾರರು, ಪಕ್ಷದ ವಿರುದ್ಧ ಮತ ಹಾಕಿದವರ ಸ್ಥಾನಕ್ಕೂ ಕುತ್ತಿಲ್ಲ. ಕಾಗದದ ಮೇಲೆ ನೋಡಿದರೆ ಜಗತ್ತಿನ ಅತ್ಯಂತ ಸ್ವತಂತ್ರ ಶಾಸಕರು ಅಲ್ಲಿನವರು. 2017ರ ಜುಲೈನಲ್ಲಿ ಒಬಾಮಾ ಕಾಲದ ಆರೋಗ್ಯ ಕಾಯ್ದೆಯನ್ನು ಕಿತ್ತುಹಾಕಲು ಟ್ರಂಪ್ ಹೊರಟಾಗ ಜಾನ್ ಮೆಕೇನ್, ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ ಎಂಬ ಮೂವರು ರಿಪಬ್ಲಿಕನ್ನರೇ ಅದನ್ನು ಉಳಿಸಿದರು. ಯಾರೂ ಅವರನ್ನು ಸದನದಿಂದ ಹೊರಹಾಕಲಾಗಲಿಲ್ಲ.

ಅಲ್ಲಿ ಟಿಕೆಟ್ ಕೊಡುವುದು ಪ್ರೈಮರಿ ಚುನಾವಣೆ. ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಮೊದಲು ಮತ ಹಾಕಿ ತೀರ್ಮಾನಿಸುತ್ತಾರೆ. ಕೇಳಲು ಇದಕ್ಕಿಂತ ಪ್ರಜಾಸತ್ತಾತ್ಮಕವಾದದ್ದು ಇಲ್ಲ. ಆದರೆ ಪ್ರೈಮರಿಗೆ ಬರುವವರು ಕಡಿಮೆ. ಸಾಮಾನ್ಯವಾಗಿ ಅರ್ಹರಲ್ಲಿ ಐದರಲ್ಲಿ ಒಬ್ಬರು ಬಂದರೆ ಹೆಚ್ಚು. ಬರುವವರು ಪಕ್ಷದ ಅತಿ ಉತ್ಸಾಹಿಗಳು. ಪ್ರತಿನಿಧಿ ಸಭೆಯ 435 ಕ್ಷೇತ್ರಗಳಲ್ಲಿ ಹತ್ತರಲ್ಲಿ ಒಂಬತ್ತು ಯಾವುದಾದರೂ ಒಂದು ಪಕ್ಷಕ್ಕೆ ಮೊದಲೇ ಮೀಸಲಾದಂತಿವೆ. ಅಲ್ಲಿ ನವೆಂಬರ್ ಚುನಾವಣೆ ಹೆಸರಿಗೆ ಮಾತ್ರ, ಪ್ರೈಮರಿ ಗೆದ್ದವರೇ ಸಂಸದರು. ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್ ಒಂದು ಸಾಲು ಬರೆದರೆ ಸಾಕು, ಹತ್ತಿಪ್ಪತ್ತು ವರ್ಷ ಕ್ಷೇತ್ರ ಕಾಪಾಡಿಕೊಂಡವರೂ ಮನೆಗೆ ಹೋಗುತ್ತಾರೆ.

ಇದು ಊಹೆಯಲ್ಲ. 2021ರ ಜನವರಿ 6ರಂದು ಸಂಸತ್ ಭವನದ ಮೇಲೆ ಟ್ರಂಪ್ ಬೆಂಬಲಿಗರ ದಾಳಿಯಾದ ಬಳಿಕ ಟ್ರಂಪ್ ವಾಗ್ದಂಡನೆಗೆ ಹತ್ತು ರಿಪಬ್ಲಿಕನ್ ಪ್ರತಿನಿಧಿಗಳು ಮತ ಹಾಕಿದರು. ಆ ಹತ್ತು ಮಂದಿಯಲ್ಲಿ ನಾಲ್ವರು ಮತ್ತೆ ಸ್ಪರ್ಧಿಸಲೇ ಇಲ್ಲ. ನಾಲ್ವರು 2022ರ ಪ್ರೈಮರಿಯಲ್ಲಿ ಸೋತರು. ಅವರಲ್ಲಿ ಒಬ್ಬರು ಲಿಜ್ ಚೇನಿ, ಪಕ್ಷದ ಮೂರನೇ ಸ್ಥಾನದ ನಾಯಕಿಯಾಗಿದ್ದವರು, ಮಾಜಿ ಉಪಾಧ್ಯಕ್ಷರ ಮಗಳು, ಯಾವ ಅಳತೆಗೋಲಿನಲ್ಲಿ ನೋಡಿದರೂ ಅಪ್ಪಟ ಸಂಪ್ರದಾಯವಾದಿ. ವಯೋಮಿಂಗ್‌ನಲ್ಲಿ ಅವರು 37 ಶೇಕಡಾ ಅಂಶಕ್ಕೂ ಹೆಚ್ಚಿನ ಅಂತರದಿಂದ ಸೋತರು. ಉಳಿದುಕೊಂಡವರು ಇಬ್ಬರೇ: ವಾಷಿಂಗ್ಟನ್ ರಾಜ್ಯದ ಡಾನ್ ನ್ಯೂಹೌಸ್, ಕ್ಯಾಲಿಫೋರ್ನಿಯಾದ ಡೇವಿಡ್ ವಲಡಾವೊ. ಈ ಎರಡು ರಾಜ್ಯಗಳಲ್ಲಿ ಪಕ್ಷಕ್ಕೊಂದು ಪ್ರೈಮರಿ ಇಲ್ಲ. ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿರುತ್ತಾರೆ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ನಿಯಮ ಬೇರೆಯಾದಾಗ ಬದುಕುವ ಅವಕಾಶವೂ ಬೇರೆಯಾಯಿತು. ಉಳಿದ ಇನ್ನೂರು ಚಿಲ್ಲರೆ ರಿಪಬ್ಲಿಕನ್ನರು ಈ ಪಟ್ಟಿಯನ್ನು ನೋಡಿ ಪಾಠ ಕಲಿತರು.

ನಿಯಮ ಕಾರಣ ಎಂದ ಮಾತ್ರಕ್ಕೆ ವ್ಯಕ್ತಿಗಳಿಗೆ ಹೊಣೆ ಇಲ್ಲ ಎಂದು ಹೇಳುತ್ತಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಇವರಿಗೆ ಸತ್ಯ ಗೊತ್ತಿರಲಿಲ್ಲ ಎನ್ನುವಂತಿಲ್ಲ. ದಾಳಿಕೋರರು ಕಿಟಕಿ ಒಡೆದು ಒಳನುಗ್ಗಿದ ಆ ರಾತ್ರಿಯೇ, ಅದೇ ಸದನಕ್ಕೆ ಮರಳಿ ಬಂದು, 147 ರಿಪಬ್ಲಿಕನ್ ಸಂಸದರು ಬೈಡನ್ ಗೆದ್ದಿದ್ದ 2020ರ ಚುನಾವಣೆಯ ಫಲಿತಾಂಶವನ್ನು ತಿರಸ್ಕರಿಸಲು ಮತ ಹಾಕಿದರು. ಫೆಬ್ರುವರಿ 13ರಂದು ಸೆನೆಟ್ ನಾಯಕ ಮಿಚ್ ಮೆಕಾನಲ್ ಟ್ರಂಪ್ ಅವರನ್ನು ಖುಲಾಸೆಗೊಳಿಸಲು ಮತ ಹಾಕಿದರು. ನಿಮಿಷಗಳ ಬಳಿಕ ಎದ್ದು ನಿಂತು, ಅಂದಿನ ಘಟನೆಗೆ ಟ್ರಂಪ್ ವಾಸ್ತವವಾಗಿಯೂ ನೈತಿಕವಾಗಿಯೂ ಹೊಣೆಗಾರರು ಎಂದು ಭಾಷಣ ಮಾಡಿದರು. ಅಧಿಕಾರದಿಂದ ಇಳಿದ ಅಧ್ಯಕ್ಷರ ವಿಚಾರಣೆಗೆ ಸಂವಿಧಾನದಲ್ಲಿ ಅವಕಾಶವಿಲ್ಲ ಎನ್ನುವುದು ಅವರ ಸಮಜಾಯಿಷಿ. ಅಂದು ಏಳು ರಿಪಬ್ಲಿಕನ್ನರು ಡೆಮಾಕ್ರಟರ ಜೊತೆ ಸೇರಿದ್ದರು, ಮತ 57-43 ಆಗಿತ್ತು. ಇನ್ನು ಹತ್ತು ಮಂದಿ ಸೇರಿದ್ದರೆ ಟ್ರಂಪ್ ಅವರನ್ನು ತಪ್ಪಿತಸ್ಥರೆಂದು ಸಾರಿ, ಮುಂದೆ ಚುನಾವಣೆಗೆ ನಿಲ್ಲದಂತೆ ತಡೆಯಬಹುದಿತ್ತು. 2025ರ ಜನವರಿ 20ರಂದು ಅಧಿಕಾರಕ್ಕೆ ಮರಳಿದ ದಿನವೇ ಟ್ರಂಪ್ ಆ ದಾಳಿಯ ಸುಮಾರು 1,500 ಆರೋಪಿಗಳಿಗೆ ಕ್ಷಮಾದಾನ ಕೊಟ್ಟರು. ಪೊಲೀಸರನ್ನು ಹೊಡೆದವರೂ ಅದರಲ್ಲಿದ್ದರು. ಕಾನೂನು ಸುವ್ಯವಸ್ಥೆಯ ಪಕ್ಷ ಎಂದು ತನ್ನನ್ನು ಕರೆದುಕೊಳ್ಳುವ ಪಕ್ಷದಿಂದ ಬಂದ ಪ್ರತಿಭಟನೆ ಬೆರಳೆಣಿಕೆಯದು.

ನಿಮ್ಮ ಮಗಳು ಇರುವ ರಾಜ್ಯವನ್ನೇ ಹತ್ತಿರದಿಂದ ನೋಡೋಣ, ಯಾಕೆಂದರೆ ಇಡೀ ಕಾಯಿಲೆ ಅಲ್ಲಿ ಒಂದೇ ಕಡೆ ಕಾಣಿಸುತ್ತದೆ. ನಾರ್ತ್ ಕ್ಯಾರೊಲೈನಾದಲ್ಲಿ ಎರಡೂ ಪಕ್ಷಗಳ ಬಲ ಹೆಚ್ಚು ಕಡಿಮೆ ಸಮ. 2024ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ಒಂದೇ ದಿನ ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್ ಅವರನ್ನು, ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಜಾಶ್ ಸ್ಟೈನ್ ಅವರನ್ನು ಆರಿಸಿದರು. 2022ರಲ್ಲಿ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಕ್ಷೇತ್ರ ವಿಂಗಡಣೆಯ ನಕ್ಷೆಯ ಮೇಲೆ ಚುನಾವಣೆ ನಡೆದಾಗ ರಾಜ್ಯದ 14 ಸಂಸತ್ ಸ್ಥಾನಗಳು 7-7 ಎಂದು ಹಂಚಿಹೋಗಿದ್ದವು. ಆಮೇಲೆ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಬಹುಮತ ಬದಲಾಯಿತು, ಪಕ್ಷಪಾತದ ನಕ್ಷೆ ತಪ್ಪು ಎಂದಿದ್ದ ತನ್ನ ತೀರ್ಪನ್ನೇ ಕೋರ್ಟು ಹಿಂದಕ್ಕೆ ಪಡೆಯಿತು, ರಿಪಬ್ಲಿಕನ್ ಶಾಸನಸಭೆ ಹೊಸ ನಕ್ಷೆ ಬರೆಯಿತು. ಅದೇ ಜನ, ಅದೇ ಊರುಗಳು, 2024ರಲ್ಲಿ ಫಲಿತಾಂಶ 10-4. ಅದೂ ಸಾಲದೆಂದು 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಸ್ಥಾನ ಕಸಿಯಲು ಮತ್ತೆ ಗೆರೆ ಎಳೆದರು. ಕ್ಷೇತ್ರ ವಿಂಗಡಣೆಯ ಮಸೂದೆಯನ್ನು ತಡೆಹಿಡಿಯುವ ಅಧಿಕಾರ ಆ ರಾಜ್ಯದಲ್ಲಿ ಗವರ್ನರಿಗೆ ಇಲ್ಲ. ಪಕ್ಷಪಾತದ ನಕ್ಷೆಗಳ ವಿಚಾರದಲ್ಲಿ ಒಕ್ಕೂಟದ ನ್ಯಾಯಾಲಯಗಳು ಕೈಹಾಕುವಂತಿಲ್ಲ ಎಂದು ದೇಶದ ಸುಪ್ರೀಂ ಕೋರ್ಟು 2019ರಲ್ಲೇ 5-4ರಿಂದ ಹೇಳಿಬಿಟ್ಟಿದೆ. ಆ ಮೊಕದ್ದಮೆಗಳಲ್ಲಿ ಒಂದು ಹೊರಟದ್ದೂ ಇದೇ ರಾಜ್ಯದಿಂದ.

ಆ ರಾಜ್ಯದ ಸೆನೆಟರ್ ಥಾಮ್ ಟಿಲಿಸ್ ಕಥೆ ನಿಮ್ಮ ಅಳಿಯನಿಗೆ ಗೊತ್ತಿರುತ್ತದೆ. 2025ರ ಜೂನ್ ಕೊನೆಯಲ್ಲಿ ಟ್ರಂಪ್ ಅವರ ತೆರಿಗೆ-ವೆಚ್ಚದ ಬೃಹತ್ ಮಸೂದೆ ಸೆನೆಟ್‌ಗೆ ಬಂತು. ಬಡವರ ಆರೋಗ್ಯ ವಿಮೆಯಾದ ಮೆಡಿಕೇಯ್ಡ್‌ಗೆ ಅದು ಹಾಕಿದ ಕತ್ತರಿ ಬಹಳ ದೊಡ್ಡದು. ಸಂಸತ್ತಿನ ಬಜೆಟ್ ಕಚೇರಿಯ ಅಂದಾಜಿನ ಪ್ರಕಾರ 2034ರ ಹೊತ್ತಿಗೆ ಈ ಕಾಯ್ದೆಯಿಂದ ವಿಮೆ ಕಳೆದುಕೊಳ್ಳುವವರು ಸುಮಾರು 1 ಕೋಟಿ. ಟಿಲಿಸ್ ತಾವು ರಾಜ್ಯದ ಶಾಸನಸಭೆಯ ಸ್ಪೀಕರ್ ಆಗಿದ್ದಾಗ ಮೆಡಿಕೇಯ್ಡ್ ವಿಸ್ತರಣೆಯನ್ನು ತಡೆದವರು, ಬಡವರ ಪರ ಎಂದು ಹೆಸರಾದವರಲ್ಲ. ಆದರೆ 2023ರ ಡಿಸೆಂಬರ್‌ನಿಂದ ರಾಜ್ಯದಲ್ಲಿ ವಿಸ್ತರಣೆ ಜಾರಿಗೆ ಬಂದಿತ್ತು, ಲಕ್ಷಾಂತರ ಜನರಿಗೆ ವಿಮೆ ಸಿಕ್ಕಿತ್ತು. ಅವರು ಮಸೂದೆಯ ವಿರುದ್ಧ ಮತ ಹಾಕಿದರು. ಅವರ ವಿರುದ್ಧ ಪ್ರೈಮರಿಗೆ ಬೇರೆಯವರನ್ನು ನಿಲ್ಲಿಸುವುದಾಗಿ ಟ್ರಂಪ್ ಬೆದರಿಸಿದರು. ಮರುದಿನ, ಜೂನ್ 29ರಂದು, ಟಿಲಿಸ್ ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಪ್ರಕಟಿಸಿದರು. ಆಮೇಲೆಯೇ ಸೆನೆಟ್‌ನಲ್ಲಿ ಎದ್ದು ನಿಂತು ಕೇಳಿದರು: ಹಣವಿಲ್ಲ ಎಂದು ಮೆಡಿಕೇಯ್ಡ್‌ನಿಂದ ಹೊರಬೀಳುವ ನನ್ನ ರಾಜ್ಯದ 6,63,000 ಜನರಿಗೆ ನಾನು ಏನು ಹೇಳಲಿ?

ಆ ಭಾಷಣವನ್ನು ವಿದ್ಯಾರ್ಥಿಗಳಿಗೆ ನಾನು ಬಿಡದೆ ತೋರಿಸುತ್ತೇನೆ. ಟಿಕೆಟ್ ಬೇಡ ಎಂದು ನಿರ್ಧರಿಸಿದ ಕೆಲವೇ ಗಂಟೆಗಳಲ್ಲಿ ಮನುಷ್ಯನ ದನಿ ಹೇಗೆ ಬಿಚ್ಚಿಕೊಂಡಿತು ನೋಡಿ. ಮಿಸೌರಿಯ ಸೆನೆಟರ್ ಜಾಶ್ ಹಾಲಿ ಮಾಡಿದ್ದು ಇದರ ತದ್ವಿರುದ್ಧ. ಮೆಡಿಕೇಯ್ಡ್ ಕಡಿತ ನೈತಿಕವಾಗಿ ತಪ್ಪು, ರಾಜಕೀಯವಾಗಿ ಆತ್ಮಹತ್ಯೆ ಎಂದು ಅವರು ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ಬರೆದರು. ಜುಲೈ 1ರಂದು ಅದೇ ಕಡಿತಕ್ಕೆ ಪರವಾಗಿ ಮತ ಹಾಕಿದರು. ಸೆನೆಟ್ 50-50 ಆಗಿ ನಿಂತಿತ್ತು, ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಅವರ ಮತದಿಂದ ಮಸೂದೆ ಪಾಸಾಯಿತು. ಹಾಲಿ ಒಬ್ಬರು ತಾವು ಬರೆದದ್ದಕ್ಕೆ ಬದ್ಧರಾಗಿದ್ದರೆ ಸಾಕಿತ್ತು.

ಈ ಕಾಯ್ದೆಯ ದಿನಾಂಕಗಳನ್ನೂ ಗಮನಿಸಿ. ತೆರಿಗೆ ವಿನಾಯಿತಿಗಳು ಆ ವರ್ಷದಿಂದಲೇ ಜಾರಿ. ಮೆಡಿಕೇಯ್ಡ್ ಬೇಕಾದರೆ ತಿಂಗಳಿಗೆ 80 ಗಂಟೆ ದುಡಿದದ್ದಕ್ಕೆ ದಾಖಲೆ ಕೊಡಬೇಕೆಂಬ ಷರತ್ತನ್ನು ರಾಜ್ಯಗಳು ಜಾರಿಗೆ ತರಬೇಕಾದ ಗಡುವು 2027ರ ಜನವರಿ. ಮಧ್ಯಂತರ ಚುನಾವಣೆ, ಅಂದರೆ ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ ಚುನಾವಣೆ, ಇರುವುದು 2026ರ ನವೆಂಬರ್‌ನಲ್ಲಿ. ಸಿಹಿ ಚುನಾವಣೆಗೆ ಮುಂಚೆ, ಕಹಿ ಚುನಾವಣೆ ಮುಗಿದ ಮೇಲೆ. ಇಂಥ ಷರತ್ತಿನಿಂದ ಏನಾಗುತ್ತದೆ ಎನ್ನುವುದೂ ಅವರಿಗೆ ಗೊತ್ತಿತ್ತು. 2018ರಲ್ಲಿ ಅರ್ಕನ್ಸಾ ರಾಜ್ಯ ಇದನ್ನು ಪ್ರಯೋಗಿಸಿ ನೋಡಿತ್ತು. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು, ಕೊನೆಗೆ ನ್ಯಾಯಾಲಯ ತಡೆಯಿತು. ಹೀಗೆ ಹೊರಬಿದ್ದವರಲ್ಲಿ ಬಹಳಷ್ಟು ಮಂದಿ ದುಡಿಯುತ್ತಿದ್ದವರೇ; ಪ್ರತಿ ತಿಂಗಳೂ ಅದನ್ನು ಅರ್ಜಿಯಲ್ಲಿ ತೋರಿಸಿಕೊಳ್ಳಲಾಗದೆ ಬಿದ್ದುಹೋದರು.

ಲೂಸಿಯಾನದ ಸೆನೆಟರ್ ಬಿಲ್ ಕ್ಯಾಸಿಡಿ ಅವರದು ಇದಕ್ಕಿಂತ ನೋವಿನ ಕಥೆ. ಅವರು ಯಕೃತ್ತಿನ ಕಾಯಿಲೆಗಳ ವೈದ್ಯರು. ರಾಜಕೀಯಕ್ಕೆ ಬರುವ ಮೊದಲು ತಮ್ಮ ಊರಿನ ಭಾಗದ ಶಾಲಾ ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುವ ದೊಡ್ಡ ಕಾರ್ಯಕ್ರಮ ನಡೆಸಿದವರು. 2021ರಲ್ಲಿ ಟ್ರಂಪ್ ತಪ್ಪಿತಸ್ಥರು ಎಂದು ಮತ ಹಾಕಿದ ಏಳು ಮಂದಿಯಲ್ಲಿ ಒಬ್ಬರು. 2025ರ ಫೆಬ್ರುವರಿಯಲ್ಲಿ, ಲಸಿಕೆಗಳ ಬಗ್ಗೆ ವರ್ಷಗಟ್ಟಲೆ ಸಂಶಯ ಬಿತ್ತಿದ್ದ ರಾಬರ್ಟ್ ಕೆನಡಿ ಜೂನಿಯರ್ ಅವರನ್ನು ಆರೋಗ್ಯ ಸಚಿವರನ್ನಾಗಿ ಮಾಡುವ ಪ್ರಸ್ತಾವ ಸೆನೆಟ್ ಸಮಿತಿಗೆ ಬಂತು. ಸಮಿತಿಯಲ್ಲಿ ಮತ 14-13. ಕ್ಯಾಸಿಡಿ ಒಬ್ಬರು ಬೇಡ ಎಂದಿದ್ದರೆ ಪ್ರಸ್ತಾವ ಅಲ್ಲೇ ನಿಲ್ಲುತ್ತಿತ್ತು. ಲಸಿಕೆ ಸಲಹಾ ಸಮಿತಿಯನ್ನು ಇದ್ದಂತೆ ಉಳಿಸುವುದಾಗಿ ಕೆನಡಿ ಮಾತು ಕೊಟ್ಟಿದ್ದಾರೆ ಎಂದು ಹೇಳಿ ಅವರು ಪರವಾಗಿ ಮತ ಹಾಕಿದರು. ಜೂನ್‌ನಲ್ಲಿ ಕೆನಡಿ ಆ ಸಮಿತಿಯ ಎಲ್ಲ 17 ಸದಸ್ಯರನ್ನು ಕಿತ್ತುಹಾಕಿದರು. ಡಿಸೆಂಬರ್‌ನಲ್ಲಿ ಹೊಸ ಸಮಿತಿ, ಎಲ್ಲ ನವಜಾತ ಶಿಶುಗಳಿಗೂ ಹುಟ್ಟಿದ ಕೂಡಲೇ ಹೆಪಟೈಟಿಸ್ ಬಿ ಲಸಿಕೆ ಹಾಕಬೇಕೆಂದು 1991ರಿಂದ ಇದ್ದ ಶಿಫಾರಸನ್ನೇ ಕೈಬಿಡಲು ಮತ ಹಾಕಿತು. ಒಬ್ಬ ವೈದ್ಯ ತನ್ನ ಆಯುಷ್ಯದ ಕೆಲಸವನ್ನು ತನ್ನದೇ ಮತದಿಂದ ಕೆಡವಿಸಿಕೊಂಡದ್ದು ಹೀಗೆ. ಅದರಿಂದ ಅವರ ಟಿಕೆಟ್ ಭದ್ರವಾಯಿತೇ ಎಂದರೆ ಅದೂ ಇಲ್ಲ: 2026ರ ಜನವರಿಯಲ್ಲಿ ಟ್ರಂಪ್ ಬೆಂಬಲಿಸಿದ್ದು ಕ್ಯಾಸಿಡಿ ಎದುರಾಳಿ ಜೂಲಿಯಾ ಲೆಟ್ಲೊ ಅವರನ್ನು.

ಈಗ ನಿಮ್ಮ ವಾಕಿಂಗ್ ಗೆಳೆಯರು ಹೇಳುವ ‘ಶಿಸ್ತು’. ಶಿಸ್ತು ಎಂದರೆ ಪಕ್ಷಕ್ಕೆ ಒಂದು ನೀತಿ ಇರಬೇಕು, ನಾಯಕರೂ ಅದಕ್ಕೆ ಬದ್ಧರಾಗಿರಬೇಕು. 2020ರಲ್ಲಿ ರಿಪಬ್ಲಿಕನ್ ಪಕ್ಷ ಹೊಸ ಪ್ರಣಾಳಿಕೆಯನ್ನೇ ಬರೆಯಲಿಲ್ಲ, ಅಧ್ಯಕ್ಷರ ಕಾರ್ಯಸೂಚಿಗೆ ಬೆಂಬಲ ಎಂಬ ನಿರ್ಣಯ ಮಾಡಿ ಕೈತೊಳೆದುಕೊಂಡಿತು. ಸಾಲ ಕಡಿಮೆ ಮಾಡುತ್ತೇವೆ ಎಂದು ದಶಕಗಳ ಕಾಲ ಮತ ಕೇಳಿದವರು 2025ರ ಆ ಒಂದೇ ಕಾಯ್ದೆಯಿಂದ ಹತ್ತು ವರ್ಷದಲ್ಲಿ 3.4 ಲಕ್ಷ ಕೋಟಿ ಡಾಲರ್ ಕೊರತೆ ಹೆಚ್ಚಿಸಿದರು. ಇದೂ ಬಜೆಟ್ ಕಚೇರಿಯದೇ ಅಂದಾಜು. ಮುಕ್ತ ವ್ಯಾಪಾರ ಎಂದವರು ಸುಂಕಕ್ಕೆ ಚಪ್ಪಾಳೆ ತಟ್ಟಿದರು.

ಸುಂಕದ ವಿಷಯದಲ್ಲಿ ನಡೆದ ಒಂದು ಸಂಗತಿ ಹೇಳಲೇಬೇಕು. ಅಮೆರಿಕದ ಸಂವಿಧಾನದಲ್ಲಿ ಸುಂಕ ವಿಧಿಸುವ ಅಧಿಕಾರ ಸಂಸತ್ತಿನದು. ಟ್ರಂಪ್ ‘ರಾಷ್ಟ್ರೀಯ ತುರ್ತುಸ್ಥಿತಿ’ ಎಂದು ಘೋಷಿಸಿ ತಾವೇ ಸುಂಕ ಹಾಕತೊಡಗಿದರು. ಅಂಥ ತುರ್ತುಸ್ಥಿತಿಯನ್ನು ರದ್ದುಪಡಿಸುವ ನಿರ್ಣಯವನ್ನು ಯಾವುದೇ ಸದಸ್ಯರು ಮಂಡಿಸಬಹುದು, 15 ದಿನದೊಳಗೆ ಸಮಿತಿ ಅದನ್ನು ಸದನಕ್ಕೆ ತರಬೇಕು ಎಂದು ಕಾನೂನಿದೆ. ಮತಕ್ಕೆ ಬಂದರೆ ಮುಜುಗರ. ಅದಕ್ಕೆ 2025ರ ಮಾರ್ಚ್‌ನಲ್ಲಿ ಪ್ರತಿನಿಧಿ ಸಭೆಯ ರಿಪಬ್ಲಿಕನ್ ಬಹುಮತ ಬೇರೊಂದು ಮಸೂದೆಯ ಕಲಾಪ ನಿಯಮದೊಳಗೆ ಒಂದು ವಾಕ್ಯ ಸೇರಿಸಿತು: ಈ ಅಧಿವೇಶನದ ಉಳಿದ ದಿನಗಳು, ಈ ಉದ್ದೇಶಕ್ಕೆ, ದಿನಗಳೆಂದು ಲೆಕ್ಕಕ್ಕೆ ಬರುವುದಿಲ್ಲ. ಸೂರ್ಯ ಹುಟ್ಟುತ್ತಿದ್ದ, ಮುಳುಗುತ್ತಿದ್ದ, ಕಾನೂನಿನ ಪ್ರಕಾರ ದಿನ ಮಾತ್ರ ಉರುಳುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಟ್ರಂಪ್ ಇತರ ದೇಶಗಳ ಮೇಲೂ ಸುಂಕ ಸಾರಿದಾಗ ಇದೇ ಬಗೆಯ ತಡೆಯನ್ನು ಮತ್ತೆ ಒಡ್ಡಿದರು. ಆಗಸ್ಟ್ 27ರಿಂದ ಭಾರತದ ಬಹುಪಾಲು ಸರಕಿನ ಮೇಲೆ ಒಟ್ಟು ಶೇ 50 ಸುಂಕ ಬಿತ್ತು, ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳವರೆಗೂ ಅದರ ಬಿಸಿ ತಟ್ಟಿತು. ಕೊನೆಗೆ 2026ರ ಫೆಬ್ರುವರಿ 20ರಂದು ಸುಪ್ರೀಂ ಕೋರ್ಟು 6-3ರಿಂದ, ಆ ತುರ್ತುಸ್ಥಿತಿ ಕಾನೂನಿನಡಿ ಅಧ್ಯಕ್ಷರು ಸುಂಕ ವಿಧಿಸುವಂತಿಲ್ಲ ಎಂದಿತು. ಆ ಆರು ಮಂದಿಯಲ್ಲಿ ಇಬ್ಬರು ಟ್ರಂಪ್ ಅವರೇ ನೇಮಿಸಿದ ನ್ಯಾಯಮೂರ್ತಿಗಳು. ಸಂಪ್ರದಾಯವಾದಿ ನ್ಯಾಯಮೂರ್ತಿಗಳಿಗೆ ಸಾಧ್ಯವಾದದ್ದು ಸಂಪ್ರದಾಯವಾದಿ ಸಂಸದರಿಗೆ ಸಾಧ್ಯವಾಗಲಿಲ್ಲ. ದೇಶದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ ಪ್ರೈಮರಿ ಇಲ್ಲ ಎನ್ನುವುದು ಕಾಕತಾಳೀಯವಲ್ಲ.

‘ಎಲ್ಲರೂ ಮಾರಿಕೊಂಡವರೇ’ ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲ ಎಂದೇ. ಸುಪ್ರೀಂ ಕೋರ್ಟಿನ 2010ರ ತೀರ್ಪಿನ ಬಳಿಕ ಅಲ್ಲಿ ಚುನಾವಣೆಗೆ ಸುರಿಯುವ ಹಣಕ್ಕೆ ಮಿತಿಯಿಲ್ಲದಂತಾಗಿದೆ, 2024ರಲ್ಲಿ ಇಲಾನ್ ಮಸ್ಕ್ ಒಬ್ಬರೇ 25 ಕೋಟಿ ಡಾಲರಿಗೂ ಹೆಚ್ಚು ಸುರಿದರು. ಆದರೆ ಹಣಕ್ಕಿಂತ ಹೆಚ್ಚು ಕೆಲಸ ಮಾಡುತ್ತಿರುವುದು ಭಯ. ‘ನಾವೆಲ್ಲ ಹೆದರಿದ್ದೇವೆ, ಸೇಡು ನಿಜ’ ಎಂದು ಅಲಾಸ್ಕದ ಮರ್ಕೌಸ್ಕಿ 2025ರ ಏಪ್ರಿಲ್‌ನಲ್ಲಿ ಬಹಿರಂಗವಾಗಿ ಹೇಳಿದರು. ಜನವರಿ 6ರ ಬಳಿಕ ಕುಟುಂಬದ ಭದ್ರತೆಗೆ ದಿನಕ್ಕೆ 5,000 ಡಾಲರ್ ಖರ್ಚು ಮಾಡಬೇಕಾಯಿತು ಎಂದು ಆಗ ರಿಪಬ್ಲಿಕನ್ ಸೆನೆಟರ್ ಆಗಿದ್ದ ಮಿಟ್ ರಾಮ್ನಿ ಹೇಳಿಕೊಂಡಿದ್ದಾರೆ. ರಾಮ್ನಿ ಶ್ರೀಮಂತರು, ಎಲ್ಲರಿಗೂ ಅದು ಸಾಧ್ಯವಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿರುವ ಸಂಸದರ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಆ ಬೆದರಿಕೆಗಳಿಗೆ ಹಿನ್ನೆಲೆಯಾದ ಸುಳ್ಳನ್ನು, ಚುನಾವಣೆ ಕದ್ದರು ಎಂಬುದನ್ನು, ವರ್ಷಗಟ್ಟಲೆ ಊರೂರಿಗೆ ಹೊತ್ತು ತಿರುಗಿದವರೂ ಅವರೇ. ಆ ಹೊಣೆಯಿಂದ ಬಿಡುಗಡೆ ಇಲ್ಲ.

ಪತ್ರಿಕೆಗಳ ಬಗ್ಗೆ ನಿಮ್ಮ ಗೆಳೆಯರು ಹೇಳುವುದರಲ್ಲಿ ಸ್ವಲ್ಪ ಸತ್ಯವಿದೆ. ದೊಡ್ಡ ಪತ್ರಿಕೆಗಳ ಸುದ್ದಿಮನೆಗಳಲ್ಲಿ ಉದಾರವಾದಿಗಳೇ ಹೆಚ್ಚು. ಡೆಮಾಕ್ರಟರೂ ಶುದ್ಧರಲ್ಲ. ಇಲಿನಾಯ್‌ನ ಕ್ಷೇತ್ರ ನಕ್ಷೆ ನಾಚಿಕೆಗೇಡಿನದು. ಬೈಡನ್ ಅವರ ವಯಸ್ಸು ಕಣ್ಣಿಗೆ ಕಾಣುತ್ತಿದ್ದರೂ 2024ರ ಜೂನ್‌ವರೆಗೆ ಪಕ್ಷ ಜನರಿಗೆ ಸತ್ಯ ಹೇಳಲಿಲ್ಲ, ಅದರ ಬೆಲೆಯನ್ನು ದೇಶ ತೆರುತ್ತಿದೆ. ಆದರೆ ಎರಡೂ ಕಡೆ ಒಂದೇ ಎನ್ನುವುದು ಸುಳ್ಳು ಸಮತೋಲನ. ಲಂಚದ ಆರೋಪ ಬಂದಾಗ ಡೆಮಾಕ್ರಟಿಕ್ ಸೆನೆಟರ್ ಬಾಬ್ ಮೆನೆಂಡೆಜ್ ಅವರ ರಾಜೀನಾಮೆಯನ್ನು ಅವರದೇ ಪಕ್ಷದ ಸೆನೆಟರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೇಳಿದರು. 2025ರ ಜನವರಿ 6ರಂದು ಕಮಲಾ ಹ್ಯಾರಿಸ್ ಸಂಸತ್ತಿನಲ್ಲಿ ಅಧ್ಯಕ್ಷತೆ ವಹಿಸಿ ತಮ್ಮದೇ ಸೋಲನ್ನು ಓದಿ ದೃಢಪಡಿಸಿದರು, ಯಾವ ಕಿಟಕಿಯೂ ಒಡೆಯಲಿಲ್ಲ.

ಹಾಗಾದರೆ ಏನೂ ಆಗುವುದಿಲ್ಲವೇ? ಆಗುತ್ತದೆ, ಆಗಿದೆ. 2025ರ ಡಿಸೆಂಬರ್ 11ರಂದು ಇಂಡಿಯಾನಾ ರಾಜ್ಯದ ಸೆನೆಟ್, 50ರಲ್ಲಿ 40 ಸ್ಥಾನ ರಿಪಬ್ಲಿಕನ್ನರದೇ ಆಗಿರುವ ಸದನ, ಟ್ರಂಪ್ ಒತ್ತಡ ಹಾಕಿದ್ದ ಹೊಸ ಕ್ಷೇತ್ರ ನಕ್ಷೆಯನ್ನು 31-19ರಿಂದ ತಿರಸ್ಕರಿಸಿತು. ಹಲವು ಸೆನೆಟರುಗಳ ಮನೆಗೆ ಹುಸಿ ಕರೆ ಮಾಡಿ ಪೊಲೀಸರನ್ನು ನುಗ್ಗಿಸುವ ಪ್ರಯತ್ನ ನಡೆದಿದ್ದರೂ 21 ರಿಪಬ್ಲಿಕನ್ನರು ವಿರೋಧಿಸಿದರು. ಬಾಲಕಿಯರ ಲೈಂಗಿಕ ಶೋಷಣೆಯ ಆರೋಪ ಹೊತ್ತಿದ್ದ ಜೆಫ್ರಿ ಎಪ್‌ಸ್ಟೀನ್‌ಗೆ ಸಂಬಂಧಿಸಿದ ಕಡತಗಳನ್ನು ಬಹಿರಂಗಪಡಿಸುವ ಮಸೂದೆಯನ್ನು ಟ್ರಂಪ್ ತಿಂಗಳುಗಟ್ಟಲೆ ವಿರೋಧಿಸಿದರು. ನಾಲ್ವರು ರಿಪಬ್ಲಿಕನ್ನರು ಡೆಮಾಕ್ರಟರ ಜೊತೆ ಸಹಿ ಹಾಕಿ, ಮಸೂದೆಯನ್ನು ಮತಕ್ಕೆ ತರಲು ಬೇಕಾದ 218 ಸಹಿ ತುಂಬಿಸಿದ ಮೇಲೆ ಅದೇ ಸದನ 427-1ರಿಂದ ಅಂಗೀಕರಿಸಿತು. ಅಲಾಸ್ಕದ ಜನ 2020ರಲ್ಲಿ ಮತ ಹಾಕಿ ಪಕ್ಷದ ಪ್ರೈಮರಿಯನ್ನೇ ತೆಗೆದು, ಎಲ್ಲರಿಗೂ ಒಂದೇ ಪ್ರೈಮರಿ ತಂದರು. ಮರ್ಕೌಸ್ಕಿ 2022ರಲ್ಲಿ ಟ್ರಂಪ್ ಬೆಂಬಲಿತ ಅಭ್ಯರ್ಥಿಯನ್ನು ಸೋಲಿಸಿ ಉಳಿದದ್ದು ಆ ನಿಯಮದ ಬಲದಿಂದ.

ವಾಗ್ದಂಡನೆಯ ದಾರಿಯನ್ನು ನಾನು ಸದ್ಯಕ್ಕೆ ನೆಚ್ಚುವುದಿಲ್ಲ. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ, ಈಗ ಮಿಷಿಗನ್‌ನ ಸಂಸದರಾಗಿರುವ ಶ್ರೀ ಥಾಣೇದಾರ್ 2025ರ ಏಪ್ರಿಲ್‌ನಲ್ಲಿ ಏಳು ಆರೋಪಗಳ ವಾಗ್ದಂಡನೆ ನಿರ್ಣಯ ಮಂಡಿಸಿದರು. ಅವರ ಪಕ್ಷವೇ ಹೊತ್ತಲ್ಲ ಎಂದು ಹಿಂದೆ ಸರಿಯಿತು. ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಸಿಗದ ವಾಗ್ದಂಡನೆ ಆರೋಪಿಗೆ ‘ನಾನು ಗೆದ್ದೆ’ ಎನ್ನುವ ಅವಕಾಶ ಕೊಡುತ್ತದೆ. ಈಗಾಗಲೇ ಎರಡು ಸಲ ಹಾಗಾಗಿದೆ.

ನಿಮ್ಮ ಮಗಳು, ಅಳಿಯನ ಕೈಯಲ್ಲಿ ಇದಕ್ಕಿಂತ ಹರಿತವಾದ ಆಯುಧವಿದೆ. ನಾರ್ತ್ ಕ್ಯಾರೊಲೈನಾದಲ್ಲಿ ಯಾವ ಪಕ್ಷಕ್ಕೂ ಸೇರದೆ ನೋಂದಾಯಿಸಿಕೊಂಡ ಮತದಾರರು ಪ್ರೈಮರಿಯ ದಿನ ಯಾವುದಾದರೂ ಒಂದು ಪಕ್ಷದ ಮತಪತ್ರ ಕೇಳಿ ಪಡೆಯಬಹುದು. ಅಳಿಯ ಬೇಸರದಿಂದ ಮನೆಯಲ್ಲಿ ಕುಳಿತರೆ ರಿಪಬ್ಲಿಕನ್ ಪ್ರೈಮರಿಯಲ್ಲಿ ಅವರಂಥ ಒಂದು ಮತ ಕಡಿಮೆಯಾಗುತ್ತದೆ, ಟ್ರಂಪ್ ಹೇಳಿದವರಿಗೆ ದಾರಿ ಇನ್ನಷ್ಟು ಸಲೀಸಾಗುತ್ತದೆ. ಅವರು ತಮ್ಮ ಪಕ್ಷ ಬಿಡಬೇಕೆಂದು ನಾನು ಹೇಳುವುದಿಲ್ಲ. ಸಾಲ, ಕಾನೂನು, ಸಂಸತ್ತಿನ ಅಧಿಕಾರ ಎನ್ನುವ ಹಳೆಯ ಸಂಪ್ರದಾಯವಾದಿ ನಿಲುವಿನವರು ಪ್ರೈಮರಿಯಲ್ಲಿ ನಿಂತರೆ ಅವರಿಗೆ ಹಾಕಲಿ, ನವೆಂಬರ್‌ನಲ್ಲಿ ಅಂಥವರು ಇಲ್ಲದಿದ್ದರೆ ಎದುರಿನವರಿಗೆ ಹಾಕಲಿ. ನಷ್ಟವೂ ಇದೆ: ಒಂದು ಪಕ್ಷದ ಮತಪತ್ರ ತೆಗೆದುಕೊಂಡರೆ ಇನ್ನೊಂದು ಪಕ್ಷದ ಪ್ರೈಮರಿಯಲ್ಲಿ ಆ ಸಲ ದನಿ ಇರುವುದಿಲ್ಲ. ಯಾವ ಪಕ್ಷದ ಮತಪತ್ರ ತೆಗೆದುಕೊಂಡರು ಎನ್ನುವುದು ಸಾರ್ವಜನಿಕ ದಾಖಲೆಯಾಗುತ್ತದೆ, ಯಾರಿಗೆ ಹಾಕಿದರು ಎನ್ನುವುದು ಆಗುವುದಿಲ್ಲ. ಮಗಳಿಗೆ ಬೀದಿಗಿಳಿಯಲು ಹೆದರಿಕೆಯಿದ್ದರೆ ಸಂಸದರ ಸ್ಥಳೀಯ ಕಚೇರಿಗೆ ಫೋನ್ ಮಾಡಿ ಒಂದೇ ಮಸೂದೆಯ ಹೆಸರು ಹಿಡಿದು ಮಾತಾಡಲಿ. ಕಚೇರಿಯವರು ಕರೆಗಳನ್ನು ಎಣಿಸುತ್ತಾರೆ. ಶಾಲಾ ಮಂಡಳಿ, ರಾಜ್ಯ ಶಾಸನಸಭೆ, ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು, ಇವರೆಲ್ಲರ ಆಯ್ಕೆಯೂ ಅಲ್ಲಿ ಮತದಿಂದಲೇ. 7-7 ಇದ್ದದ್ದು 10-4 ಆದದ್ದು ಯಾರೂ ಗಮನ ಕೊಡದ ನ್ಯಾಯಮೂರ್ತಿಗಳ ಚುನಾವಣೆಯಿಂದ.

ಅಳಿಯನ ತಮ್ಮನ ವಿಷಯ ಬೇರೆ, ಅಲ್ಲಿ ನಾನು ಧೈರ್ಯದ ಮಾತು ಹೇಳಿ ಅವನನ್ನು ಅಪಾಯಕ್ಕೆ ದೂಡಲಾರೆ. ವಾಕ್ ಸ್ವಾತಂತ್ರ್ಯ ಅಮೆರಿಕದ ನೆಲದಲ್ಲಿರುವ ವಿದೇಶಿಯರಿಗೂ ಇದೆ ಎನ್ನುವುದು ಕಾನೂನಿನ ಮಾತು. ಆದರೆ 2025ರ ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಎಚ್-4 (ಅವರ ಸಂಗಾತಿ, ಮಕ್ಕಳ) ವೀಸಾ ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಪರಿಶೀಲಿಸುತ್ತಿದ್ದಾರೆ, ಭಾರತದಲ್ಲಿ ಸಂದರ್ಶನಗಳು ತಿಂಗಳುಗಟ್ಟಲೆ ಮುಂದೆ ಹೋದವು. ವೀಸಾ ಮುದ್ರೆಗಾಗಿ ಊರಿಗೆ ಬರುವ ಯೋಚನೆ ಇದ್ದರೆ ಮೊದಲು ವಲಸೆ ವಕೀಲರನ್ನು ಕೇಳಲಿ. ಅವನು ಯಾವ ಅಭ್ಯರ್ಥಿಗೂ ಒಂದು ಡಾಲರ್ ದೇಣಿಗೆಯನ್ನೂ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಆ ಅವಕಾಶವಿದೆ, ಅವನಿಗಿಲ್ಲ. ಚಾಲನಾ ಪರವಾನಗಿ ನವೀಕರಿಸುವಾಗ ಕೌಂಟರಿನಲ್ಲಿ ಮತದಾರರ ಪಟ್ಟಿಗೆ ಸೇರಿಸಬೇಕೇ ಎಂಬ ಪ್ರಶ್ನೆಯೂ ಬರಬಹುದು. ಅರ್ಜಿಯ ಉಳಿದ ಪ್ರಶ್ನೆಗಳ ಭರದಲ್ಲಿ ಅದಕ್ಕೂ ಹೌದು ಎಂದು ಗುರುತು ಹಾಕಿದರೆ ‘ನಾನು ಅಮೆರಿಕದ ಪೌರ’ ಎಂದು ಸುಳ್ಳು ಹೇಳಿದಂತಾಗುತ್ತದೆ, ದೇಶದಿಂದ ಹೊರಹಾಕಲು ಅದೊಂದೇ ಸಾಕು. ಆ ಚೌಕದಲ್ಲಿ ‘ಇಲ್ಲ’ ಎಂದೇ ಗುರುತು ಹಾಕಿ, ಅರ್ಜಿಯ ಒಂದು ನಕಲನ್ನು ತನ್ನ ಬಳಿ ಇಟ್ಟುಕೊಳ್ಳುವಂತೆ ಇವತ್ತೇ ಅವನಿಗೆ ಫೋನ್ ಮಾಡಿ ಹೇಳಿ.